ಬೀರುವಿನೊಳಗಿಟ್ಟ ಏಳು ಜಾಡಿಗಳು

ನನ್ನ ಕಸುಬು ಸೀಸೆ ತೊಳೆಯುವುದು. ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದಾಗ ಮೈಸೂರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಹಂಗಾಮಿ ಅಟೆಂಡರ್ ಆಗಿ ಸೇರಿದೆ. ನಿವೃತ್ತನಾಗುವ ಹೊತ್ತಿಗೆ ನನ್ನ ಹುದ್ದೆಗೆ ಉದ್ದನೆಯ ಇಂಗ್ಲಿಷ್ ಹೆಸರೊಂದು ಬಂದಿತ್ತು. ಆ ಹೆಸರು ಹೇಗೆ ಹೇಗೆ ಬದಲಾಯಿತು ಅನ್ನುವುದನ್ನೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ಹೆಸರು ಏನೇ ಆಗಲಿ, ಸೀಸೆ ತೊಳೆಯುವುದು ಮಾತ್ರ ಕೊನೆಯ ದಿನದವರೆಗೂ ತಪ್ಪಲಿಲ್ಲ.

ಈಚೆಗೆ ಇದೇ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಕುವೆಂಪುನಗರದ ನಮ್ಮ ಮನೆ ಹುಡುಕಿಕೊಂಡು ಸ್ಕೂಟರಿನಲ್ಲಿ ಬಂದಿದ್ದಳು. "ಏನಿದೆ ಸಾರ್ ಈ ಕೆಲಸದಲ್ಲಿ? ದಿನಾ ತೊಳಿ, ಒಣಗ್ಸು, ಜೋಡ್ಸು. ಬೇಜಾರಾಗೋಗಿದೆ" ಅಂದಳು. ನನಗೆ ನಗು ಬಂತು. ಕಾಫಿ ಕುಡಿಸಿ, ಬಾಯಿಗೆ ಬಂದಷ್ಟು ಹೇಳಿ ಕಳಿಸಿದೆ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಂಥವರು ಇನ್ನೂ ಕೆಲವರು ಓದಿದರೆ ಸಂತೋಷ.

ನಾನು ಶ್ರೀರಾಂಪುರದ ಕಡೆಯ ಒಕ್ಕಲು ಮನೆಯವನು. ಈಗ ಮನೆಗಳ ಸಾಲು ಎದ್ದಿರುವ ಕಡೆ ಆಗ ನಮ್ಮ ರಾಗಿ ಹೊಲ ಇತ್ತು. ಹೈಸ್ಕೂಲಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಉಳುವುದಕ್ಕೂ ಸೋಮಾರಿತನ ಮಾಡುತ್ತಿದ್ದಾಗ, ಅಪ್ಪ ಯಾರ ಯಾರ ಕೈಕಾಲೋ ಹಿಡಿದು ಈ ಕೆಲಸ ಕೊಡಿಸಿದರು. ಮೊದಲ ತಿಂಗಳು ನನಗೆ ಕಲಿಸಿದ್ದು ಒಂದೇ. ಸೀಸೆಯನ್ನು ಸೋಡಾದಲ್ಲಿ ಕುದಿಸಬೇಕು, ಬ್ರಷ್ಷಿನಿಂದ ಉಜ್ಜಬೇಕು, ಆರು ಸಲ ನಲ್ಲಿ ನೀರಿನಲ್ಲಿ, ಎರಡು ಸಲ ಭಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಬೇಕು. ತೊಳೆದ ಸೀಸೆಯ ಒಳಮೈ ಮೇಲೆ ನೀರು ಹನಿಹನಿಯಾಗಿ ನಿಂತರೆ ಸೀಸೆ ಇನ್ನೂ ಕೊಳೆ ಅಂತ ಅರ್ಥ, ಒಂದೇ ಸಮ ಜಾರಿ ಇಳಿದರೆ ಶುದ್ಧ. ಇದನ್ನು ಈಗಿನವರೂ ಮರೆಯಬಾರದು.

ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಅನಂತಯ್ಯನವರು. ನಾವೆಲ್ಲ ದೊಡ್ಡ ಮೇಷ್ಟ್ರು ಅನ್ನುತ್ತಿದ್ದೆವು. ಪೇಟ, ಕ್ಲೋಸ್ ಕೋಟು, ಜೇಬಿನಲ್ಲಿ ನಶ್ಯದ ಡಬ್ಬಿ. ನಶ್ಯ ಏರಿಸಿ ಏರಿಸಿ ಅವರ ಮೂಗು ಸತ್ತೇ ಹೋಗಿತ್ತು. ಆ ಮೂಗು ನೆಟ್ಟಗಿದ್ದಿದ್ದರೆ ನಾನು ಹೇಳಹೊರಟಿರುವ ಕೆಲಸ ನಮ್ಮ ಕಟ್ಟಡದೊಳಗೆ ಎರಡು ದಿನವೂ ನಡೆಯುತ್ತಿರಲಿಲ್ಲ. ಮಹಾ ಶಿಸ್ತಿನ ಮನುಷ್ಯ. "ಕಂಡದ್ದನ್ನ ಬರೀರಿ, ಅಂದ್ಕೊಂಡದ್ದನ್ನ ಮನೇಲಿ ಇಟ್ಕೊಳ್ಳಿ" ಅನ್ನುವುದು ಅವರು ಎಲ್ಲ ವಿದ್ಯಾರ್ಥಿಗಳಿಗೂ ಹಾಕುತ್ತಿದ್ದ ಮಂಗಳಾರತಿ.

ನಾನು ಸೇರಿದ ಎರಡನೆಯ ವರ್ಷ ಜಸಿಂತಾ ಅಮ್ಮಾವ್ರು ಬಂದರು. ಅವರ ತಂದೆ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾಗಿದ್ದವರು, ಮೈಸೂರಿನಲ್ಲೇ ಮೂರು ತಲೆಮಾರು ಕಳೆದ ಕಥೋಲಿಕ ಮನೆತನ. ಅಮ್ಮಾವ್ರಿಗೆ ಸಿಕ್ಕಿದ್ದು ಹಂಗಾಮಿ ಡೆಮಾನ್‌ಸ್ಟ್ರೇಟರ್ ಹುದ್ದೆ, ಜೊತೆಗೆ ಎರಡು ವರ್ಷದಲ್ಲಿ ಸಂಶೋಧನಾ ಪ್ರಬಂಧ ಮುಗಿಸಬೇಕೆಂಬ ಷರತ್ತು. ಮುಗಿಸಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ನನ್ನ ವಾರಿಗೆಯವರೇ. ಆದರೂ ನನ್ನಂಥ ಅಟೆಂಡರನ್ನು 'ನೀವು' ಅಂದು ಮಾತಾಡಿಸುತ್ತಿದ್ದ ಮೊದಲ ಮೇಡಂ ಅವರೇ. ಮೊದಮೊದಲು ನನ್ನ ಹಿಂದೆ ಇನ್ಯಾರೋ ನಿಂತಿರಬೇಕು ಅಂತ ತಿರುಗಿ ನೋಡುತ್ತಿದ್ದೆ.

ಅವರು ಆರಿಸಿಕೊಂಡ ವಿಷಯ ಕೇಳಿ ವಿಭಾಗದಲ್ಲೆಲ್ಲ ನಗೆಯೋ ನಗೆ. ಮೈಸೂರಿನಲ್ಲಿ ಕೂತುಕೊಂಡು ಸಮುದ್ರದಂಚಿನ ಕೆರೆಯ ನೀರನ್ನು ಓದುವುದು! ಕರಾವಳಿಯಲ್ಲಿ ಒಂದು ಹೊಳೆ ಸಮುದ್ರ ಸೇರುವ ಜಾಗದಲ್ಲಿ ಮರಳಿನ ದಿಬ್ಬ ಅಡ್ಡ ಕಟ್ಟಿ, ಅದರ ಹಿಂದೆ ಉದ್ದನೆಯ ಕೆರೆಯೊಂದು ನಿಲ್ಲುತ್ತಿತ್ತು. ಹೊಳೆಯ ಸಿಹಿನೀರು ಹಗುರ, ಸಮುದ್ರದ ಉಪ್ಪುನೀರು ಭಾರ. ಎರಡೂ ಬೆರೆಯದೆ ಒಂದರ ಮೇಲೊಂದು ಮಲಗಿರುತ್ತವೆ. ಅಡಿಯ ನೀರಿಗೆ ಗಾಳಿಯೇ ತಾಕುವುದಿಲ್ಲ. ಅಂಥ ಕಡೆ ಏನು ಬದುಕುತ್ತದೆ, ಹೇಗೆ ಬದುಕುತ್ತದೆ ಅನ್ನುವುದು ಅಮ್ಮಾವ್ರ ಪ್ರಶ್ನೆ.

ಮೊದಲ ಸಲ ನಾವು ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಆಗಿನ್ನೂ ಕರಾವಳಿ ಮದರಾಸು ರಾಜ್ಯದಲ್ಲಿತ್ತು. ಅಮ್ಮಾವ್ರು, ಅವರಿಗೆ ಜೊತೆಯಾಗಿ ಅವರ ತಂದೆ, ಸೀಸೆಗಳ ಪೆಟ್ಟಿಗೆ ಹೊತ್ತ ನಾನು. ಮಡಿಕೇರಿ ಘಾಟಿನ ತಿರುವುಗಳಲ್ಲಿ ನಾನು ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತಿದ್ದೆ. ಹೊಟ್ಟೆಯಲ್ಲಿದ್ದದ್ದು ಎರಡು ಸಲ ಹೊರಗೆ ಬಂತು, ಪೆಟ್ಟಿಗೆ ಮಾತ್ರ ಅಲುಗಲಿಲ್ಲ.

ದೋಣಿ ನಡೆಸಿದವರು ಬಾಬಣ್ಣ ಅಂತ, ಆ ಕೆರೆಯಲ್ಲೇ ಮೀನು ಹಿಡಿದು ಕೂದಲು ನೆರೆಸಿಕೊಂಡವರು. ನಾನು ನೀರಿಗೆ ಕೈ ಅದ್ದಿ ಬಾಯಿಗೆ ಹಾಕಿಕೊಂಡು "ಸಪ್ಪೆ ನೀರು ಕಣ್ರೀ ಇದು, ಉಪ್ಪೇ ಇಲ್ವಲ್ಲ!" ಅಂದೆ.

ಬಾಬಣ್ಣ ನಕ್ಕುಬಿಟ್ಟರು. "ನೀವು ಘಟ್ಟದ ಮೇಲಿನವರು ಮಾರಾಯ್ರೇ, ನೀರು ಅಂದ್ರೆ ಒಂದೇ ಅಂತ ಎಣಿಸಿದ್ದೀರಿ. ಇಲ್ಲಿ ಮೂರು ನೀರುಂಟು. ಮೇಲಿನದ್ದು ಕುಡೀಬಹುದು. ನಡುವಿನದ್ದಕ್ಕೆ ಬಣ್ಣ ಉಂಟು. ಅಡಿಯದ್ದು ದೆವ್ವದ್ದು, ಬಲೆ ಇಳಿಸಿದ್ರೆ ಕಪ್ಪಾಗಿ ಬರ್ತದೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಸೀಸೆಗೆ ಕಲ್ಲು ಕಟ್ಟಿ ಇಳಿಸುವುದು, ಬೇಕಾದ ಆಳಕ್ಕೆ ಹೋದಾಗ ಬಿರಡೆಗೆ ಕಟ್ಟಿದ ಇನ್ನೊಂದು ದಾರವನ್ನು ಜಗ್ಗುವುದು, ಬಿರಡೆ ಕಿತ್ತು ನೀರು ತುಂಬಿಕೊಳ್ಳುವುದು. ಇದಿಷ್ಟೇ ನಮ್ಮ ಯಂತ್ರ. ಮೇಲಿನಿಂದ ತಿಳಿನೀರು ಬಂತು. ಒಂದೂವರೆ ಆಳಿನಷ್ಟು ಆಳಕ್ಕೆ ಇಳಿಸಿ ತೆಗೆದಾಗ ಸೀಸೆಯಲ್ಲಿ ತುಂಬಿದ್ದು ಗುಲಾಬಿ ನೀರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅದಕ್ಕೂ ಕೆಳಗಿನ ನೀರು ಕೊಳೆತ ಮೊಟ್ಟೆ ಒಡೆದಂತೆ ನಾರುತ್ತಿತ್ತು. ಅವ್ವ ಮಾಡಿಸಿಕೊಟ್ಟಿದ್ದ ಬೆಳ್ಳಿಯ ಉಂಗುರ ಆ ಸಂಜೆಯೊಳಗೆ ಮಸಿಯಾಯಿತು. ಊರಿಗೆ ಬಂದಾಗ ಅವ್ವ ಅದನ್ನು ನೋಡಿ "ಯಾವ ಗಾಳಿ ಸೋಕುಸ್ಕೊಂಡು ಬಂದ್ಬುಟ್ಯೋ" ಅಂತ ಮೆಣಸಿನಕಾಯಿ ನಿವಾಳಿಸಿದರು. ಗಂಧಕದ ಗಾಳಿ ಸೋಕಿದ್ದು ನಿಜ ತಾನೇ, ನಿವಾಳಿಸಲಿ ಅಂತ ಸುಮ್ಮನೆ ಕೂತಿದ್ದೆ.

ಆ ಪ್ರವಾಸದಲ್ಲಿ ನಾನು ಮಾಡಿದ ಎಡವಟ್ಟುಗಳು ಎರಡು. ಆಳ ಅಳೆಯಲು ನೂಲಿನ ಹಗ್ಗಕ್ಕೆ ಮೊಳಕ್ಕೊಂದು ಬಟ್ಟೆಯ ಚೂರು ಕಟ್ಟಿಕೊಂಡು ಹೋಗಿದ್ದೆ. ಒಣ ಹಗ್ಗ ಅಳೆದು ಕಟ್ಟಿದ್ದು, ನೆಂದ ಮೇಲೆ ಹಗ್ಗ ಕುಗ್ಗಿತು. ಎರಡು ದಿನದ ಆಳದ ಲೆಕ್ಕವೆಲ್ಲ ತಪ್ಪು. ಆಮೇಲಿಂದ ಹಗ್ಗವನ್ನು ರಾತ್ರಿಯಿಡೀ ನೆನೆಸಿ, ಒದ್ದೆಯಲ್ಲೇ ಅಳೆದು ಗುರುತು ಕಟ್ಟುವುದು ನಮ್ಮ ಪದ್ಧತಿಯಾಯಿತು.

ಎರಡನೆಯದು ದೊಡ್ಡದು. ನಮ್ಮ ಮನೆಯಲ್ಲಿ ಎಣ್ಣೆಯಾಗಲಿ, ತುಪ್ಪವಾಗಲಿ ಕಂಠಮಟ್ಟ ತುಂಬುವ ಅಭ್ಯಾಸ ಇಲ್ಲ. ಮೇಲೆ ಮೂರು ಬೆರಳು ಜಾಗ ಬಿಟ್ಟೇ ಬಿರಡೆ ಹಾಕುವುದು. ಅದೇ ರೂಢಿಯಲ್ಲಿ ಗುಲಾಬಿ ನೀರಿನ ಸೀಸೆಗಳಿಂದಲೂ ಮೂರು ಮೂರು ಬೆರಳು ಚೆಲ್ಲಿ ಬಿರಡೆ ಒತ್ತಿದೆ. ಬಸ್ಸು ಹುಣಸೂರು ದಾಟುವಾಗ ಅಮ್ಮಾವ್ರು ಪೆಟ್ಟಿಗೆ ತೆಗೆದು ನೋಡಿದರು. ಎಲ್ಲ ಸೀಸೆಯೂ ಮಜ್ಜಿಗೆ ನೀರು.

"ಜವರಯ್ಯ, ಸೀಸೆ ತುಂಬ್ಲಿಲ್ವಾ ನೀವು?" ಅಂದರು. ಬೈಯಲಿಲ್ಲ. "ಇವಕ್ಕೆ ಗಾಳಿ ಅಂದ್ರೆ ವಿಷ ಕಣ್ರೀ. ನಮಗೆ ಉಸಿರು, ಅವಕ್ಕೆ ಸಾವು. ಒಂದು ಗುಳ್ಳೆನೂ ಒಳಗೆ ಉಳೀಬಾರ್ದು." ಗಾಳಿ ಸೇರಿ ನೀರಿನಲ್ಲಿದ್ದ ಗಂಧಕ ಹಾಲಿನಂತೆ ಒಡೆದಿದೆ ಅಂತ ವಿವರಿಸಿದರು. ಗಾಳಿಯೇ ವಿಷವಾಗುವ ಜೀವ ಭೂಮಿಯ ಮೇಲಿದೆ ಅಂತ ನನಗೆ ತಿಳಿದದ್ದು ಅವತ್ತು. ಗಾಳಿ ಬಿಡಬಾರದು ಅನ್ನುವ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು. ಮುಂದಿನ ಅನಾಹುತಕ್ಕೆ ಅದೂ ಒಂದು ಕಾರಣವಾಯಿತು.

ಒಂದು ತಿಂಗಳು ಬಿಟ್ಟು ಮತ್ತೆ ಹೋದೆವು. ಈ ಸಲ ಸೀಸೆಗಳನ್ನು ತುಳುಕುವಂತೆ ತುಂಬಿ, ಮೇಣದ ಮುದ್ರೆ ಹಾಕಿ ತಂದೆವು. ಕೆರೆಯ ತಳದ ಕಪ್ಪು ಕೆಸರನ್ನೂ ಎರಡು ಡಬ್ಬ ತಂದೆವು. ಲ್ಯಾಬಿನಲ್ಲಿ ಏಳು ಎತ್ತರದ ಗಾಜಿನ ಜಾಡಿಗಳನ್ನು ಜೋಡಿಸಿದೆವು. ಕೆಸರಿಗೆ ಹಳೆಯ ಪತ್ರಿಕೆಯ ಚೂರು, ಸುಣ್ಣಕಲ್ಲಿನ ಪುಡಿ, ಗೊಂಬೆ ಮಾಡುವ ಪ್ಲಾಸ್ಟರು ಕಲಸಿ ತಳಕ್ಕೆ ಹಾಕಿ, ಮೇಲೆ ಕೆರೆಯ ನೀರು ತುಂಬಿ, ಮುಚ್ಚಳಕ್ಕೆ ಮೇಣ ಮೆತ್ತಿದೆವು. ಅಮ್ಮಾವ್ರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು. ಜಾಡಿಗಳು ಪೂರ್ವದ ಕಿಟಕಿಯ ಕಟ್ಟೆ ಮೇಲೆ ಕೂತವು. "ಚೀಟಿ ಯಾವಾಗ್ಲೂ ಈಚೆಗಿರ್ಬೇಕು ಜವರಯ್ಯ, ಕೈಯಲ್ಲಿ ತಿರುಗ್ಸಿ ಹುಡುಕೋ ಹಾಗಾಗ್ಬಾರ್ದು" ಅನ್ನುವುದು ಅವರ ಕಟ್ಟಪ್ಪಣೆ.

ಬೇಸಿಗೆ, ಮಳೆಗಾಲ ಕಳೆದವು. ಆ ಜಾಡಿಗಳಲ್ಲಿ ನಡೆದದ್ದನ್ನು ನೋಡುವ ಪುಣ್ಯ ನನ್ನದಾಗಿತ್ತು. ವಾರ ವಾರಕ್ಕೂ ಬಣ್ಣ ಬದಲು. ತಳದಲ್ಲಿ ಕಾಡಿಗೆ ಕಪ್ಪು, ಅದರ ಮೇಲೊಂದು ಹಸಿರು ಪಟ್ಟಿ, ಅದರ ಮೇಲೆ ದಾಸವಾಳದ ಕೆಂಪಿಗೂ ನೇರಳೆಗೂ ನಡುವಿನ ಒಂದು ಬಣ್ಣ. ಕರಾವಳಿಯ ಕೆರೆ ನಮ್ಮ ಕಿಟಕಿಗೆ ಬಂದು ಕೂತಿತ್ತು. ಗಾಳಿಯಿಲ್ಲದ ಕಡೆ ಈ ಜೀವಿಗಳು ಬೆಳಕನ್ನೇ ಉಂಡು ಬದುಕುತ್ತವೆ ಅನ್ನುವುದು ಅಮ್ಮಾವ್ರ ಪ್ರಬಂಧದ ತಿರುಳು. ಡಿಸೆಂಬರ್ ಮುಗಿಯುವುದರೊಳಗೆ ಸಲ್ಲಿಸಬೇಕಿತ್ತು. ದೊಡ್ಡ ಮೇಷ್ಟ್ರು, "ಜಾಡೀಲಿ ಬದುಕಿರೋದನ್ನ ಕಣ್ಣಾರೆ ತೋರ್ಸು, ಆಮೇಲೆ ಸಹಿ" ಅಂದಿದ್ದರು.

ತಿರುಳು ಅದು ಅಂತ ನಾನು ಈಗ ಬರೆಯುತ್ತಿದ್ದೇನೆ. ಆಗ ನನಗೆ ಗೊತ್ತಿರಲಿಲ್ಲ.

ಮೈಸೂರಿನವರಿಗೆ ಆಯುಧಪೂಜೆ ಎಂಥದ್ದು ಅಂತ ಹೇಳಬೇಕಾಗಿಲ್ಲ. ನಮ್ಮ ಲ್ಯಾಬಿನಲ್ಲೂ ಮೈಕ್ರೋಸ್ಕೋಪು, ತಕ್ಕಡಿ, ಸ್ಪಿರಿಟ್ ದೀಪ, ಕತ್ತರಿ, ನನ್ನ ಬ್ರಷ್ಷುಗಳು ಎಲ್ಲವನ್ನೂ ತೊಳೆದು ಒರೆಸಿ, ಪೂರ್ವದ ಕಿಟಕಿಯ ಕಟ್ಟೆ ಮೇಲೆ ದೇವಿಯ ಪಟ ಇಟ್ಟು, ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೆವು. ಪೂಜೆಯ ಯಜಮಾನಿಕೆ ನನ್ನದು. ಅಮ್ಮಾವ್ರು ಆ ದಿನಗಳಲ್ಲಿ ಮನೆಯಲ್ಲಿ ಪ್ರಬಂಧ ಟೈಪು ಮಾಡುತ್ತ ಕೂತಿದ್ದರು. ಕಿಟಕಿ ಕಟ್ಟೆ ಮೇಲೆ ನೋಡಿದರೆ ಮೇಣ ಮೆತ್ತಿದರೂ ನಾರುವ ಏಳು ಜಾಡಿ ಕೆಸರು. ದೇವಿಯ ಪಕ್ಕದಲ್ಲಿ ಕೊಳೆತ ಮೊಟ್ಟೆಯ ವಾಸನೆ ಇಡುವುದೇ? ಮನಸ್ಸು ಒಪ್ಪಲಿಲ್ಲ. ಒಂದೊಂದನ್ನೇ ಮಗುವನ್ನು ಎತ್ತಿದಂತೆ ಎತ್ತಿ, ಎದುರಿನ ದೊಡ್ಡ ಮರದ ಬೀರುವಿನಲ್ಲಿಟ್ಟು ಬಾಗಿಲು ಹಾಕಿದೆ. ಗಾಳಿ ಆಗದ ಜೀವಗಳು, ಮುಚ್ಚಿದ ಬೀರುವಿನಲ್ಲಿ ಇನ್ನೂ ಸುಖವಾಗಿರುತ್ತವೆ ಅಂತ ನನ್ನ ಬುದ್ಧಿವಂತಿಕೆ ಬೇರೆ. ಪೂಜೆ ಚೆನ್ನಾಗಿ ಆಯಿತು. ಕುಂಬಳಕಾಯಿ ಒಡೆದು, ಬೆಲ್ಲ-ಪುರಿ ಹಂಚಿ, ಲ್ಯಾಬಿಗೆ ಬೀಗ ಹಾಕಿ ದಸರಾ ರಜೆಗೆ ಊರಿಗೆ ಹೊರಟೆ. ಜಾಡಿಗಳನ್ನು ಹೊರಗಿಡಬೇಕು ಅನ್ನುವ ಯೋಚನೆಯೇ ಸುಳಿಯಲಿಲ್ಲ.

ಸುಮಾರು ಮೂರು ವಾರ ಕಳೆದು ಬೀಗ ತೆಗೆದೆ. ಬೀರು ತೆಗೆದು ನೋಡಿದೆ. ಏಳು ಜಾಡಿಯಲ್ಲೂ ಬಣ್ಣ ಇಲ್ಲ. ಬರೀ ಬೂದು, ಬರೀ ಕಪ್ಪು. ಅವನ್ನು ಅವಸರ ಅವಸರವಾಗಿ ಕಿಟಕಿ ಕಟ್ಟೆ ಮೇಲೆ ಹೇಗೆ ಬೇಕೋ ಹಾಗೆ ಜೋಡಿಸಿ, ಏನೂ ತಿಳಿಯದವನಂತೆ ಸೀಸೆ ತೊಳೆಯುತ್ತ ನಿಂತೆ.

ಅಮ್ಮಾವ್ರು ಬಂದರು, ನೋಡಿದರು. ಸ್ಟೂಲಿನ ಮೇಲೆ ಕೂತರು. ಕೊನೆಗೆ, "ಬಾಬಣ್ಣನವರಿಗೆ ಕಾಗ್ದ ಬರ್ದು ಕೇಳ್ಬೇಕು, ಮತ್ತೆ ನೀರು ಸಿಗುತ್ತಾ ಅಂತ" ಅಂದರು. ಬರೆದರೂ ಉಪಯೋಗ ಇರಲಿಲ್ಲ. ಮಳೆಗಾಲದ ಹೊಳೆ ಮರಳಿನ ದಿಬ್ಬವನ್ನು ಒಡೆದುಕೊಂಡು ಹೋಗಿ, ಕೆರೆಯ ನೀರೆಲ್ಲ ಒಂದಾಗಿರುತ್ತದೆ. ಮತ್ತೆ ಪದರ ಕಟ್ಟುವುದು ಸಂಕ್ರಾಂತಿಯ ಮೇಲೆಯೇ ಅಂತ ಬಾಬಣ್ಣ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಅಮ್ಮಾವ್ರ ಗಡುವು ಮುಗಿದಿರುತ್ತಿತ್ತು.

ನಾನು ಬಾಯಿ ಬಿಡಲಿಲ್ಲ. ಹಂಗಾಮಿ ನೌಕರ. ಒಂದು ಮಾತಿಗೆ ಕೆಲಸ ಹೋಗುತ್ತಿದ್ದ ಕಾಲ. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ಅಮ್ಮಾವ್ರು ತಮ್ಮ ಟಿಪ್ಪಣಿಗಳನ್ನೆಲ್ಲ ಹರಡಿಕೊಂಡು, ಎಲ್ಲಿ ತಪ್ಪಿದೆ ಅಂತ ಹುಡುಕಿದರು. ಪ್ಲಾಸ್ಟರು ಹೆಚ್ಚಾಯಿತೋ, ಉಪ್ಪು ಕಡಿಮೆಯಾಯಿತೋ. ಎರಡನೆಯ ದಿನ ಸಂಜೆ, ಟೈಪು ಮಾಡಿದ ಒಂದು ಅಧ್ಯಾಯವನ್ನು ಎರಡಾಗಿ ಹರಿಯುವುದನ್ನು ಕಂಡೆ. "ನನ್ನ ಯೋಚ್ನೇನೇ ತಪ್ಪು ಅಂತ ಕಾಣುತ್ತೆ ಜವರಯ್ಯ. ಅವು ಬೆಳಕಿನಿಂದ ಬದುಕ್ತಿರ್ಲಿಲ್ವೇನೋ. ಕಿಟಕೀಲೇ ಇದ್ದು ಸತ್ತಿದಾವಲ್ಲ" ಅಂದರು.

ಬೆಳಕು! ಆ ಪದ ಕೇಳಿದ ಮೇಲೆ ಬೀರುವಿನ ಕತ್ತಲೆ ಏನು ಮಾಡಿದೆ ಅಂತ ನನಗೆ ಹೊಳೆಯಿತು. ನನ್ನ ಸುಳ್ಳಿನಿಂದ ಅವರು ತಮ್ಮ ನಿಜವನ್ನೇ ಹರಿದು ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಅವರು ಬರುವ ಮುಂಚೆ ಬಾಗಿಲಲ್ಲಿ ನಿಂತಿದ್ದೆ.

"ಅಮ್ಮಾವ್ರೇ, ತಪ್ಪಾಗ್ಬುಟ್ಟದೆ. ಅವು ಕಿಟಕೀಲಿ ಇರ್ನಿಲ್ಲ. ಪೂಜೆಗೆ ಅಂತ ನಾನೇ ಬೀರುನಾಗಿಟ್ಟು ಬಾಗ್ಲಾಕ್ಬುಟ್ಟಿದ್ದೆ. ರಜಾ ಪೂರ್ತಿ ಅಲ್ಲೇ ಇದ್ವು."

ಅವರು ಕೈಚೀಲವನ್ನು ಕೆಳಗಿಡಲಿಲ್ಲ. "ಎಷ್ಟು ದಿನ?"

ಹೇಳಿದೆ.

"ಯಾವ ಬೀರು? ಬನ್ನಿ, ತೋರ್ಸಿ. ಹೇಗಿಟ್ಟಿದ್ರಿ, ಯಾವುದು ಎಲ್ಲಿ?"

ಬೈಗುಳಕ್ಕೆ ಸಿದ್ಧವಾಗಿ ಬಂದವನಿಗೆ ಈ ಪ್ರಶ್ನೆಗಳು ಅರ್ಥವಾಗಲಿಲ್ಲ. ಬೀರು ತೆಗೆದು ಒಂದೊಂದು ಜಾಡಿಯ ಜಾಗ ತೋರಿಸಿದೆ. ಐದನೆಯದು ಮಧ್ಯದಲ್ಲಿ, ಬಾಗಿಲಿಗೆ ತೀರ ಹತ್ತಿರ ಇತ್ತು. ಹಳೆಯ ಬೀರು, ಎರಡು ಬಾಗಿಲು ಸರಿಯಾಗಿ ಕೂಡುತ್ತಿರಲಿಲ್ಲ. ನಡುವೆ ದಾರದಷ್ಟು ಸಂದು ಇತ್ತು. ಅಮ್ಮಾವ್ರು ಆ ಸಂದನ್ನೂ, ಎದುರಿನ ಕಿಟಕಿಯನ್ನೂ ನೋಡಿದರು. ಓಡಿಹೋಗಿ ಐದನೆಯ ಜಾಡಿಯನ್ನು ತಿರುಗಿಸಿದರು. ನಾನು ಅವಸರದಲ್ಲಿ ಅದನ್ನು ಚೀಟಿ ಕಿಟಕಿಯ ಗಾಜಿನ ಕಡೆ ಬರುವಂತೆ ಇಟ್ಟಿದ್ದೆ.

ಚೀಟಿಯ ಕಡೆ, ಮೇಲಿನಿಂದ ಕೆಳಕ್ಕೆ, ಒಂದು ಸಣ್ಣ ಕೆಂಪು ಗೆರೆ ನಿಂತಿತ್ತು. ಚೀಟಿಯ ಮೇಲಂಚಿಗೆ ಬಂದು ಗೆರೆ ಮಾಯ. ಚೀಟಿಯ ಕೆಳಗಂಚಿನಿಂದ ಮತ್ತೆ ಶುರು.

"ಜವರಯ್ಯ, ಇದು ಬೀರುನಲ್ಲಿ ಯಾವ ಕಡೆ ತಿರುಗಿತ್ತು?"

"ಚೀಟಿ ಈಚೆಗೆ ಅಮ್ಮಾವ್ರೇ. ನೀವೇ ಹೇಳಿದ್ರಲ್ಲ, ಚೀಟಿ ಯಾವಾಗ್ಲೂ ಈಚೆಗೆ ಅಂತ."

ಅವರು ಉಗುರಿನಿಂದ ಚೀಟಿಯನ್ನು ಮೆಲ್ಲಗೆ ಎಬ್ಬಿಸಿದರು. ಅದರ ಹಿಂದೆ ಗೆರೆ ಇರಲಿಲ್ಲ. ಬೆಳಕು ಬಿದ್ದಷ್ಟು ಜಾಗದಲ್ಲಿ ಅವು ಬದುಕಿದ್ದವು, ಕಾಗದದ ನೆರಳಿನಲ್ಲಿ ಸತ್ತಿದ್ದವು. ಅಮ್ಮಾವ್ರು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ನಾನು ಗಳಗಳನೆ ಅತ್ತುಬಿಟ್ಟೆ.

ಪಿಪೆಟ್ಟು ಅನ್ನುವ ಉದ್ದನೆಯ ಗಾಜಿನ ಕೊಳವೆಯನ್ನು ಗೆರೆಯವರೆಗೆ ಇಳಿಸಿ ಒಂದು ಹನಿ ತೆಗೆದು ಗಾಜಿನ ಮೇಲಿಟ್ಟರು. ಮೈಕ್ರೋಸ್ಕೋಪಿನಲ್ಲಿ ನೋಡಿ, ಪಕ್ಕಕ್ಕೆ ಸರಿದು, "ಬನ್ನಿ, ನೋಡಿ" ಅಂದರು. ಮೂರು ವರ್ಷದಿಂದ ದಿನಾ ಆ ಮೈಕ್ರೋಸ್ಕೋಪನ್ನು ಒರೆಸುತ್ತಿದ್ದೆ. ಒಮ್ಮೆಯೂ ಕಣ್ಣಿಟ್ಟಿರಲಿಲ್ಲ, ಯಾರೂ ಇಡು ಅಂದಿರಲಿಲ್ಲ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಗುಲಾಬಿ ಬಣ್ಣದ ಕಡ್ಡಿಯಂಥ ಚೂರುಗಳು ಕಂಡವು, ಒಳಗೆ ಗಂಧಕದ ಹೊಳೆಯುವ ಕಾಳುಗಳು. ನೋಡನೋಡುತ್ತಿದ್ದಂತೆ ಒಂದು ಸರಿದು ಹೋಯಿತು.

"ಈಜ್ತಾ ಅವೆ ಅಮ್ಮಾವ್ರೇ!" ಅಂತ ಕಿರುಚಿದೆ.

ಪಕ್ಕದ ಕೋಣೆಯಿಂದ ದೊಡ್ಡ ಮೇಷ್ಟ್ರು ಬಂದರು. ನಡೆದದ್ದನ್ನೆಲ್ಲ ಅಮ್ಮಾವ್ರು ಹೇಳಿದರು. ಅವರು ನಶ್ಯ ಏರಿಸಿ ಜಾಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಚೆನ್ನಾಗಿದೆ. ಆದ್ರೆ ಇದು ಆಕಸ್ಮಿಕ, ಪ್ರಯೋಗ ಅಲ್ಲ. ಬೇಕು ಅಂತ ಮಾಡಿ ತೋರ್ಸಮ್ಮ" ಅಂದರು. ನನ್ನ ಕಡೆ ತಿರುಗಿ, "ನೀನು ಏನಯ್ಯಾ, ಇನ್ನು ಮೇಲೆ ಪೂಜೆ ಬೇರೆ ಕೋಣೇಲಿ ಇಟ್ಕೋ" ಅಂದರು. ಅಷ್ಟೇ. ಕೆಲಸ ಹೋಗಲಿಲ್ಲ.

ಉಳಿದ ಎರಡು ತಿಂಗಳು ನಾವು ಪಟ್ಟ ಪಾಡು ನಮಗೇ ಗೊತ್ತು. ಗೆರೆಯಿಂದ ತೆಗೆದ ಹನಿಗಳನ್ನು ಹೊಸ ಜಾಡಿಗಳಿಗೆ ಬಿಟ್ಟು, ಕೆಲವನ್ನು ಪೂರ್ತಿ ಬೆಳಕಿಗೆ, ಕೆಲವನ್ನು ಪೂರ್ತಿ ಕತ್ತಲೆಗೆ ಇಟ್ಟೆವು. ಕೆಲವಕ್ಕೆ ಕಪ್ಪು ಕಾಗದ ಸುತ್ತಿ ನಡುವೆ ಬ್ಲೇಡಿನಿಂದ ಕಿಂಡಿ ಕೊಯ್ದೆವು. ಕಿಂಡಿ ಕೊಯ್ಯುವುದು ನನ್ನ ಪಾಲಿನ ಕೆಲಸ. ನೇರ ಗೆರೆ, ಓರೆ ಗೆರೆ, ಒಂದಕ್ಕೆ ಸುಮ್ಮನೆ ತಮಾಷೆಗೆ ಚೌಕ. ಮೊದಲ ಮೂರು ವಾರ ಏನೂ ಕಾಣಲಿಲ್ಲ. ಅಮ್ಮಾವ್ರು ತೆಳ್ಳಗಾದರು. ನಾನು ದಿನಾ ಬೆಳಿಗ್ಗೆ ಊರಿನಿಂದ ಸೈಕಲ್ ತುಳಿದು ಎಲ್ಲರಿಗಿಂತ ಮುಂಚೆ ಬಂದು ಕಾಗದ ಎತ್ತಿ ಇಣುಕುತ್ತಿದ್ದೆ. ಐದನೆಯ ವಾರ ಒಂದು ಬೆಳಿಗ್ಗೆ ಇಣುಕಿದರೆ, ಕತ್ತಲೆಯಲ್ಲಿಟ್ಟವು ಸುಮ್ಮನೆ ಬೂದು, ಕಿಂಡಿ ಇದ್ದವುಗಳಲ್ಲಿ ಕಿಂಡಿಯಷ್ಟೇ ಕೆಂಪು. ನನ್ನ ಚೌಕವೂ ಚೌಕವಾಗೇ ಬಂದಿತ್ತು. ಡಿಸೆಂಬರ್ ಕೊನೆಯ ವಾರ ದೊಡ್ಡ ಮೇಷ್ಟ್ರು ಸಹಿ ಹಾಕಿದರು.

ಈಗಿನ ನಿಮ್ಮ ಪದ್ಧತಿಗಳನ್ನು ನೋಡಿದರೆ ನನಗೆ ಅಸೂಯೆಯೂ ಆಗುತ್ತದೆ, ಖುಷಿಯೂ ಆಗುತ್ತದೆ. ತಂತಿಗೆ ಮೀಟರು ಕಟ್ಟಿ ಇಳಿಬಿಟ್ಟರೆ ಉಪ್ಪೆಷ್ಟು, ಗಾಳಿಯೆಷ್ಟು, ಬೆಳಕೆಷ್ಟು ಎಲ್ಲ ದೋಣಿಯಲ್ಲೇ ಗೊತ್ತಾಗುತ್ತದೆ. ಹಗ್ಗ ನೆನೆಸುವ ಗೋಳಿಲ್ಲ, ಸೀಸೆಗೆ ಕಲ್ಲು ಕಟ್ಟುವ ಗೋಳಿಲ್ಲ. ಅರವತ್ತರ ದಶಕದಲ್ಲಿ ನಮ್ಮ ವಿಭಾಗಕ್ಕೆ ರೆಫ್ರಿಜರೇಟರ್ ಬಂದಾಗ ಅದಕ್ಕೂ ಆಯುಧಪೂಜೆ ಮಾಡಿದೆವು, ಬೇರೆ ಕೋಣೆಯಲ್ಲಿ. ಯಂತ್ರಗಳು ಬಂದರೂ ಜಾಡಿಯ ಹತ್ತಿರ ದಿನಾ ನಿಲ್ಲುವ ಮನುಷ್ಯ ಒಬ್ಬ ಬೇಕೇ ಬೇಕು. ಅವನಿಗೆ ಅದರಲ್ಲೇನಿದೆ ಅಂತ ಗೊತ್ತಿರಬೇಕು. ಮನೆಗೆ ಬಂದ ಆ ಹುಡುಗಿಗೂ ಇದನ್ನೇ ಹೇಳಿದೆ.

ಪ್ರಬಂಧದ ಮೌಖಿಕ ಪರೀಕ್ಷೆ ನಡೆದದ್ದು ಮಾರ್ಚಿನಲ್ಲಿ. ಪರೀಕ್ಷಕರು ಮದರಾಸಿನಿಂದ ಬಂದಿದ್ದರು, ಬೆಳ್ಳಗೆ ತಲೆ, ದಪ್ಪ ಕನ್ನಡಕ. ದೊಡ್ಡ ಮೇಷ್ಟ್ರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎರಡು ಗಂಟೆ ಪ್ರಶ್ನೆ ಕೇಳಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತು, ತೊಳೆದ ಸೀಸೆಗಳನ್ನೇ ಮತ್ತೆ ಒರೆಸುತ್ತಿದ್ದೆ. ಒಳಗೆ ಅಮ್ಮಾವ್ರ ದನಿ ಸಣ್ಣದಾಗುತ್ತ ಹೋದದ್ದು ಕೇಳಿಸುತ್ತಿತ್ತು. ಇದ್ದಕ್ಕಿದ್ದಂತೆ ಬಾಗಿಲು ತೆರೆಯಿತು. ದೊಡ್ಡ ಮೇಷ್ಟ್ರು ಕತ್ತು ಹೊರಗೆ ಹಾಕಿ, "ಜವರಯ್ಯ, ಒಳಗೆ ಬಾರಯ್ಯ. ಸಾಹೇಬ್ರು ನಿನ್ನನ್ನ ಏನೋ ಕೇಳ್ಬೇಕಂತೆ" ಅಂದರು.

ಕೈ ಒರೆಸಿಕೊಂಡು ಹೋಗಿ ನಿಂತೆ. ಮುಗಿಯಿತು ಅಂದುಕೊಂಡೆ. ಬೀರುವಿನ ಪ್ರಸಂಗ ಪ್ರಬಂಧದಲ್ಲಿ ಇದೆ ಅಂತ ಗೊತ್ತಿತ್ತು. ಅದನ್ನು ಓದಿ, ಇಂಥ ಬೇಜವಾಬ್ದಾರಿ ಲ್ಯಾಬಿನ ಕೆಲಸ ನಂಬುವುದು ಹೇಗೆ ಅಂತ ತಿರಸ್ಕರಿಸುತ್ತಾರೆ, ನನ್ನಿಂದ ಅಮ್ಮಾವ್ರ ಬದುಕು ಹಾಳಾಯಿತು ಅಂತ ಅನ್ನಿಸಿತ್ತು. ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು, ದೊಡ್ಡ ಮೇಷ್ಟ್ರು ಕನ್ನಡದಲ್ಲಿ ಹೇಳಿದರು.

"ಜಾಡಿ ಇಟ್ಟದ್ದು ನೀನೇನಾ?"

"ಹೌದು ಸಾ."

"ಅದು ಯಾವ ಕಡೆ ತಿರುಗಿತ್ತು ಅಂತ ಅಷ್ಟು ಖಂಡಿತವಾಗಿ ಹೇಗೆ ಹೇಳ್ತೀಯ?"

"ಚೀಟಿ ಈಚೆಗಿಡೋದು ನಮ್ಮ ಪದ್ಧತಿ ಸಾ. ಒಂದು ದಿನಾನೂ ಬೇರೆ ತರ ಇಟ್ಟಿಲ್ಲ. ಭಯದಲ್ಲಿ ತಪ್ಪಿ ಇಟ್ಟಿದ್ದು ಒಂದೇ ಸಲ, ಅದೂ ಕಿಟಕೀಲಿ, ಬೀರುನಲ್ಲಿ ಅಲ್ಲ."

ಪರೀಕ್ಷಕರು ತಲೆಯಾಡಿಸಿದರು. ಪ್ರಬಂಧ ತಿರುವಿ ಒಂದು ಪುಟದ ಮೇಲೆ ಬೆರಳಿಟ್ಟು, ದೊಡ್ಡ ಮೇಷ್ಟ್ರ ಕಡೆ ಸರಿಸಿದರು. ಇದನ್ನು ಇವನಿಗೆ ಓದಿ ಹೇಳಿ, ಸರಿಯೋ ಅಲ್ಲವೋ ಕೇಳಿ ಅಂದರಂತೆ. ದೊಡ್ಡ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಕನ್ನಡದಲ್ಲಿ ಹೇಳಿದರು.

"'ಈ ಜಾಡಿಗಳಿಗೆ ಬೆಳಕು ಬೇಕು ಎಂದು, ಅವನ್ನು ನೋಡಿಕೊಳ್ಳುತ್ತಿದ್ದ ಶ್ರೀ ಜವರಯ್ಯನವರಿಗೆ ನಾನು ಒಮ್ಮೆಯೂ ತಿಳಿಸಿರಲಿಲ್ಲ. ಅವು ಮೂರು ವಾರ ಕತ್ತಲೆಯಲ್ಲಿ ಉಳಿದದ್ದು ನನ್ನ ಲೋಪದಿಂದ.'"

ಅಮ್ಮಾವ್ರು ಮೇಜು ನೋಡುತ್ತ ಕೂತಿದ್ದರು. ನನ್ನ ಹೆಸರಿನ ಹಿಂದೆ ಯಾರೂ ಅದುವರೆಗೆ 'ಶ್ರೀ' ಹಾಕಿರಲಿಲ್ಲ. ತಪ್ಪನ್ನು ನನ್ನ ತಲೆಗೆ ಕಟ್ಟಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಬದಲಿಗೆ ತಮ್ಮ ಇಡೀ ಭವಿಷ್ಯ ಇರುವ ಪುಸ್ತಕದಲ್ಲಿ ಅದನ್ನು ತಮ್ಮ ಮೇಲೆ ಬರೆದುಕೊಂಡಿದ್ದರು.

"ಇಲ್ಲ ಸಾ," ಅಂದೆ. "ಅದು ಪೂರ್ತಿ ಸರಿಯಿಲ್ಲ. ಏಳು ತಿಂಗ್ಳು ದಿನಾ ಅವನ್ನ ನೋಡ್ದೆ. ಇವು ಏನು, ಇವಕ್ಕೇನು ಬೇಕು ಅಂತ ನಾನೂ ಕೇಳ್ನಿಲ್ಲ."

ದೊಡ್ಡ ಮೇಷ್ಟ್ರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನೂ, ಅಮ್ಮಾವ್ರನ್ನೂ ನೋಡಿದರು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಏನೋ ಬರೆದು ಪುಸ್ತಕ ಮುಚ್ಚಿದರು, ಎದ್ದು ಅಮ್ಮಾವ್ರ ಕೈ ಕುಲುಕಿದರು. "ಇನ್ನು ಕೇಳೋದೇನೂ ಉಳಿದಿಲ್ಲ ಅಂತಾರೆ" ಅಂದರು ದೊಡ್ಡ ಮೇಷ್ಟ್ರು. ಅವರೂ ನಶ್ಯದ ನೆಪದಲ್ಲಿ ಕರವಸ್ತ್ರ ತೆಗೆದರು.

ಅಮ್ಮಾವ್ರು ಹೊರಗೆ ಬಂದಾಗ ನಾನು ಬೆಂಚಿನ ಪಕ್ಕ ಕೈಕಟ್ಟಿ ನಿಂತಿದ್ದೆ. ಕಣ್ಣು ಒರೆಸಿಕೊಂಡು ನಕ್ಕರು.

"ಮುಂದಿನ ಸಲ ಕೇಳ್ತೀರಾ ಜವರಯ್ಯ?"

"ಕೇಳ್ತೀನಿ ಅಮ್ಮಾವ್ರೇ."

"ನಾನೂ ಹೇಳ್ತೀನಿ."

ಆಮೇಲೆ ಹತ್ತೊಂಬತ್ತು ವರ್ಷ ಒಂದೇ ಲ್ಯಾಬಿನಲ್ಲಿ ಕೆಲಸ ಮಾಡಿದೆವು. ಇಬ್ಬರೂ ಮಾತಿಗೆ ತಪ್ಪಲಿಲ್ಲ.